ಸೂಜಿಮೊನೆಗೆ ಕಾವಲು: ಪೇಟೆಂಟ್ ಪರೀಕ್ಷೆಯಲ್ಲಿ ಗೆಲ್ಲುವುದೇನು, ಸೋಲುವುದೇನು

ರೋಗಿಗೆ ಕ್ಯಾನುಲಾ ಹಾಕುವಾಗ ಸುತ್ತ ನಿಂತವರ ಗಮನವೆಲ್ಲ ರಕ್ತನಾಳ ಸಿಕ್ಕಿತೋ ಇಲ್ಲವೋ ಎಂಬುದರ ಮೇಲಿರುತ್ತದೆ. ಸಿಕ್ಕಿತು ಎಂದ ಕೂಡಲೇ ಎಲ್ಲರೂ ಉಸಿರು ಬಿಡುತ್ತಾರೆ. ನರ್ಸಿಗೆ ಮಾತ್ರ ಅಪಾಯ ಶುರುವಾಗುವುದೇ ಆಗ. ಒಂದು ಕೈ ಕ್ಯಾನುಲಾ ಜಾರದಂತೆ ಒತ್ತಿ ಹಿಡಿದಿರುತ್ತದೆ. ಇನ್ನೊಂದು ಕೈಯಲ್ಲಿ ಈಗಷ್ಟೇ ಹೊರಗೆಳೆದ, ರಕ್ತ ಹತ್ತಿದ ಉಕ್ಕಿನ ಸೂಜಿ. ಪ್ಲಾಸ್ಟರ್ ಹಚ್ಚಬೇಕು, ಡ್ರಿಪ್ ಸೇರಿಸಬೇಕು, ಮಗುವಾದರೆ ಕೈ ಕೊಡವುತ್ತಿರುತ್ತದೆ, ಪಕ್ಕದ ಹಾಸಿಗೆಯಿಂದ ‘ಸಿಸ್ಟರ್’ ಎಂದು ಕರೆ ಬರುತ್ತದೆ. ಆ ಸೂಜಿಯನ್ನು ಹಾಸಿಗೆಯ ಮೇಲಿಡಬೇಕೇ, ಟ್ರೇಯಲ್ಲಿಡಬೇಕೇ, ಮತ್ತೆ ಕ್ಯಾಪ್ ಹಾಕಬೇಕೇ? ಸೂಜಿ ಬಯಲಾಗಿರುವ ಆ ಹತ್ತಿಪ್ಪತ್ತು ಸೆಕೆಂಡುಗಳನ್ನು ಮುಚ್ಚುವುದಕ್ಕಾಗಿ ಜಗತ್ತಿನ ಪೇಟೆಂಟ್ ಕಚೇರಿಗಳಲ್ಲಿ ಸಾವಿರಾರು ಅರ್ಜಿಗಳು ಬಿದ್ದಿವೆ. ಸೂಜಿಮೊನೆಗೆ ಕಾವಲಾಗುವ ಈ ಪುಟ್ಟ ಸಾಧನಗಳನ್ನು ಪೇಟೆಂಟ್ ಕಚೇರಿ ಹೇಗೆ ಪರೀಕ್ಷಿಸುತ್ತದೆ, ಅಲ್ಲಿ ಯಾವುದು ನಿಲ್ಲುತ್ತದೆ, ಶಿವಮೊಗ್ಗ-ಭದ್ರಾವತಿಯಂಥ ಜೋಡಿ ಊರುಗಳಿಂದ ಇಂಥ ಅರ್ಜಿ ಹೋದರೆ ಅದರ ಹಾದಿ ಹೇಗಿರುತ್ತದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಅಪಾಯದ ಲೆಕ್ಕ. ಸೋಂಕಿತರ ರಕ್ತ ಹತ್ತಿದ ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಗಲುವ ಸಂಭವ ಸುಮಾರು ಶೇ. 0.3. ಹೆಪಟೈಟಿಸ್ ಸಿ ವಿಷಯದಲ್ಲಿ ಬಹುಕಾಲದಿಂದ ಉಲ್ಲೇಖವಾಗುವ ಅಂಕಿ ಶೇ. 1.8. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ. 30ರವರೆಗೂ ಏರಬಹುದು. ಜಗತ್ತಿನ ಮೂರೂವರೆ ಕೋಟಿ ಆರೋಗ್ಯ ಕಾರ್ಯಕರ್ತರಲ್ಲಿ ವರ್ಷಕ್ಕೆ 20 ಲಕ್ಷ ಮಂದಿ ಹೀಗೆ ಚುಚ್ಚಿಸಿಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲೇ ಅಂದಾಜಿಸಿತ್ತು. ಅಮೆರಿಕದ ಆಸ್ಪತ್ರೆಗಳಷ್ಟರಲ್ಲೇ ವರ್ಷಕ್ಕೆ 3,85,000 ಗಾಯಗಳು ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಅಂದಾಜು. ನಮ್ಮಲ್ಲಿ ಇದಕ್ಕೆ ಸಿಕ್ಕಿರುವ ಮಾನ್ಯತೆ ಎಷ್ಟೆಂದರೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ‘ದೊಡ್ಡ ಅಪಘಾತ’ದ ವ್ಯಾಖ್ಯೆಯಲ್ಲಿ ತ್ಯಾಜ್ಯದ ಲಾರಿ ಮಗುಚುವುದನ್ನು ಸೇರಿಸಿ, ಸೂಜಿ ಚುಚ್ಚಿಕೊಳ್ಳುವುದನ್ನು ಸ್ಪಷ್ಟವಾಗಿ ಹೊರಗಿಟ್ಟಿವೆ. ಲಾರಿ ಮಗುಚಿದರೆ ಊರಿಗೆ ಕಾಣುತ್ತದೆ. ಬೆರಳ ತುದಿಯ ರಕ್ತದ ಹನಿ ಚುಚ್ಚಿಸಿಕೊಂಡವರಿಗಷ್ಟೇ ಕಾಣುತ್ತದೆ. ಆಮೇಲಿನ ತಿಂಗಳುಗಳ ರಕ್ತಪರೀಕ್ಷೆ, 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕಾದ ಮಾತ್ರೆ, ಮನೆಯಲ್ಲಿ ಹೇಳಲಾಗದ ದಿಗಿಲು ಯಾವ ವ್ಯಾಖ್ಯೆಯಲ್ಲೂ ಇಲ್ಲ.

ಶಿವಮೊಗ್ಗಕ್ಕೆ ಈ ವಿಷಯ ಹತ್ತಿರದ್ದು. 2007ರಲ್ಲಿ ಶುರುವಾದ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಸಿಮ್ಸ್, ಮತ್ತು ಅದರ ಮೆಗ್ಗಾನ್ ಬೋಧನಾ ಆಸ್ಪತ್ರೆ ಇಡೀ ಮಲೆನಾಡಿನ ದೊಡ್ಡ ಸರ್ಕಾರಿ ಆಸರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈ ಜಿಲ್ಲೆಗೆ ವೈರಾಣು ಪತ್ತೆ ಪ್ರಯೋಗಾಲಯವನ್ನು ತಂದಿತು. ಆ ಕಾಯಿಲೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸುವವರೆಗೆ ಆರೋಗ್ಯ ಸಹಾಯಕಿಯರು ಸಾಗರ, ತೀರ್ಥಹಳ್ಳಿ, ಹೊಸನಗರದ ಕಾಡಂಚಿನ ಮನೆಗಳಿಗೆ ಅದನ್ನು ಹೊತ್ತುಕೊಂಡು ಹೋಗಿ ಚುಚ್ಚಿದ್ದಾರೆ. ಜ್ವರ ಬಂದವರ ರಕ್ತ ತೆಗೆಯುವ ಕೆಲಸ ಈಗಲೂ ಪ್ರತಿ ಬೇಸಿಗೆಯಲ್ಲಿ ನಡೆಯುತ್ತದೆ. ಹಳ್ಳಿಮನೆಯ ಜಗಲಿಯಲ್ಲಿ, ಸರಿಯಾದ ಬೆಳಕಿಲ್ಲದ ಕಡೆ, ಜ್ವರದಲ್ಲಿ ನಡುಗುವವರ ತೋಳಿನಿಂದ ರಕ್ತ ತೆಗೆಯುವವರಿಗೆ ಸೂಜಿ ಮುಚ್ಚಿಕೊಳ್ಳುವ ಸಾಧನ ಬೇಕೇ ಬೇಕು.

ಇಂಥ ಸಾಧನಗಳಲ್ಲಿ ಹಲವು ಜಾತಿ. ಸೂಜಿಯ ಮೇಲೆ ಕೊಳವೆಯಂತೆ ಮುಂದಕ್ಕೆ ಸರಿಯುವ ತೋಳು ಒಂದು. ಸಿರಿಂಜಿನ ಬುಡಕ್ಕೆ ಕೀಲು ಹಾಕಿ ಹೆಬ್ಬೆರಳಿಂದ ಮಡಚುವ ಮುಚ್ಚಳ ಇನ್ನೊಂದು. ಸ್ಪ್ರಿಂಗ್ ಬಲದಿಂದ ಸೂಜಿಯನ್ನೇ ಒಳಕ್ಕೆ ಎಳೆದುಕೊಳ್ಳುವಂಥದ್ದು ಮೂರನೆಯದು. ಟೆಕ್ಸಾಸಿನ ಥಾಮಸ್ ಶಾ ರೂಪಿಸಿದ ವ್ಯಾನಿಶ್‌ಪಾಯಿಂಟ್ ಸಿರಿಂಜು ಈ ಜಾತಿಯದು. ಒಳಗಿನಿಂದ ಮೊಂಡು ಕಡ್ಡಿಯೊಂದು ಮುಂದೆ ಬಂದು ಮೊನೆಯನ್ನು ಮೊಂಡಾಗಿಸುವಂಥದ್ದೂ ಇತ್ತು. ಇವುಗಳನ್ನೆಲ್ಲ ಎರಡು ಗುಂಪಾಗಿ ನೋಡಬಹುದು: ನರ್ಸ್ ಏನಾದರೂ ಮಾಡಿದರೆ ಮಾತ್ರ ಮುಚ್ಚಿಕೊಳ್ಳುವಂಥವು, ಏನೂ ಮಾಡದಿದ್ದರೂ ತಾವೇ ಮುಚ್ಚಿಕೊಳ್ಳುವಂಥವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಗೆರೆ ಇದೇ. ಎರಡೂ ಕೈ ತುಂಬಿರುವಾಗ ಗುಂಡಿ ಒತ್ತು, ತೋಳು ಸರಿಸು ಎಂದು ಹೇಳುವ ಸಾಧನ ಅರ್ಧ ಸಹಾಯವನ್ನಷ್ಟೇ ಮಾಡುತ್ತದೆ.

ತಾನೇ ಮುಚ್ಚಿಕೊಳ್ಳುವ ಗುಂಪಿನ ಒಂದನ್ನು ಹತ್ತಿರದಿಂದ ನೋಡೋಣ, ಪರೀಕ್ಷೆಯ ಮಾತೆಲ್ಲ ಇದರ ಮೇಲೆ ನಿಲ್ಲುವುದರಿಂದ. ಜರ್ಮನಿಯ ಬಿ. ಬ್ರೌನ್ ಕಂಪನಿಯ ಇಂಟ್ರೋಕ್ಯಾನ್ ಸೇಫ್ಟಿ ಕ್ಯಾನುಲಾ ಅದು. ಕ್ಯಾನುಲಾದ ಬಣ್ಣದ ಬುಡದೊಳಗೆ (20 ಗೇಜ್ ಆದರೆ ಗುಲಾಬಿ, 22 ಆದರೆ ನೀಲಿ, 24 ಆದರೆ ಹಳದಿ) ತೆಳು ಉಕ್ಕಿನ ಒಂದು ಕ್ಲಿಪ್ ಕೂತಿರುತ್ತದೆ. ಅದಕ್ಕೆ ಎರಡು ತೋಳು, ಕತ್ತರಿಯ ಅಲಗಿನಂತೆ ಒಂದನ್ನೊಂದು ಅಡ್ಡ ಹಾಯ್ದಿರುತ್ತವೆ. ಮಧ್ಯದಲ್ಲಿ ಸೂಜಿ ಇರುವವರೆಗೆ ಆ ತೋಳುಗಳು ಬಲವಂತವಾಗಿ ಅಗಲಿ ನಿಂತಿರುತ್ತವೆ, ಅಗಲಿದ್ದರಿಂದಲೇ ಬುಡದ ಒಳಗೋಡೆಗೆ ಕಚ್ಚಿಕೊಂಡಿರುತ್ತವೆ. ಕ್ಲಿಪ್ಪಿನ ಹಿಂಗೋಡೆಯಲ್ಲಿ ಸೂಜಿ ಹಾಯುವ ರಂಧ್ರ. ಸೂಜಿಯ ಮೊನೆಗಿಂತ ಸ್ವಲ್ಪ ಹಿಂದೆ ಒಂದು ಸಣ್ಣ ಉಬ್ಬು. ಆ ರಂಧ್ರ ಸೂಜಿಗಿಂತ ದೊಡ್ಡದು, ಉಬ್ಬಿಗಿಂತ ಚಿಕ್ಕದು. ನರ್ಸ್ ಸೂಜಿಯನ್ನು ಹಿಂದಕ್ಕೆಳೆಯುತ್ತಾ ಬಂದಾಗ ಮೊನೆ ತೋಳುಗಳನ್ನು ದಾಟಿ ಒಳಬರುತ್ತದೆ, ಅಗಲಿಸಿಟ್ಟಿದ್ದ ಬಲ ಹೋಗಿ ತೋಳುಗಳು ಪಟಕ್ಕನೆ ಮೊನೆಯ ಮುಂದೆ ಕೂಡಿಕೊಳ್ಳುತ್ತವೆ. ಅದೇ ಹೊತ್ತಿಗೆ ಉಬ್ಬು ಹಿಂಗೋಡೆಗೆ ಸಿಕ್ಕಿ, ಸಡಿಲವಾದ ಕ್ಲಿಪ್ಪನ್ನು ತನ್ನ ಜೊತೆಗೇ ಹೊರಗೆಳೆದುಕೊಳ್ಳುತ್ತದೆ. ಸೂಜಿ ಹೊರಬರುವ ಹೊತ್ತಿಗೆ ಮೊನೆ ಮುಚ್ಚಿರುತ್ತದೆ. ನರ್ಸ್ ಮಾಡಿದ್ದು ದಿನವೂ ಮಾಡುವ ಎಳೆತವನ್ನೇ.

ಈ ವಿವರಣೆಯಲ್ಲಿ ಹೊಸದು ಯಾವುದು? ಸೂಜಿ ಹಳೆಯದು. ಸ್ಪ್ರಿಂಗ್ ಕ್ಲಿಪ್ ಹಳೆಯದು. ರಂಧ್ರಕ್ಕೆ ಸಿಗುವ ಉಬ್ಬು ಎಂಬುದು ಯಾವ ಫಿಟ್ಟರಿಗೂ ಗೊತ್ತಿರುವ ಉಪಾಯ. ಆದರೂ ಈ ಮೂರೂ ಒಂದರ ಕೆಲಸ ಇನ್ನೊಂದಕ್ಕೆ ಕೀಲಾಗುವಂತೆ ಕೂಡಿವೆ: ಸೂಜಿ ತೋಳನ್ನು ಅಗಲಿಸುತ್ತದೆ, ಅಗಲಿದ ತೋಳು ಕ್ಲಿಪ್ಪನ್ನು ಬುಡದಲ್ಲಿ ನಿಲ್ಲಿಸುತ್ತದೆ, ಸೂಜಿ ಹೋದೊಡನೆ ನಿಂತದ್ದು ಬಿಡುಗಡೆಯಾಗುತ್ತದೆ. ಪೇಟೆಂಟ್ ಪರೀಕ್ಷೆ ಅಳೆಯುವುದು ಈ ಕೂಡಿಕೆಯನ್ನು.

ಭಾರತದಲ್ಲಿ ಈ ಅಳತೆಗೋಲು 1970ರ ಪೇಟೆಂಟ್ ಕಾಯ್ದೆ. ಅದಕ್ಕೆ ತಳಹದಿ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿ, ಜಾರಿಯಾದದ್ದು 1972ರಲ್ಲಿ, ಈಗಿನ ರೂಪ ಬಹುಮಟ್ಟಿಗೆ 2005ರ ತಿದ್ದುಪಡಿಯದು. ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈ ಕಚೇರಿಗೆ ಸೇರಿದವು. ಹಾಕುವುದು ಆನ್‌ಲೈನಿನಲ್ಲಿ, ಹಾಗಾಗಿ ಶಿವಮೊಗ್ಗದಿಂದ ಆ ಕಚೇರಿ ಇರುವ ಗಿಂಡಿಗೆ ರೈಲು ಹತ್ತಬೇಕಿಲ್ಲ. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ನಡೆಯುವುದಿಲ್ಲ, ಅದಕ್ಕೆ ಬೇರೆಯೇ ಕೋರಿಕೆ ಸಲ್ಲಿಸಬೇಕು. ಮೊದಲು 48 ತಿಂಗಳಿದ್ದ ಆ ಗಡುವನ್ನು 2024ರ ನಿಯಮ ತಿದ್ದುಪಡಿ 31 ತಿಂಗಳಿಗೆ ಇಳಿಸಿದೆ. ಗಡುವು ತಪ್ಪಿದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆಯೇ ಲೆಕ್ಕ.

ಪರೀಕ್ಷಕರು ಹುಡುಕಾಟ ಶುರು ಮಾಡುವುದು ವರ್ಗೀಕರಣದಿಂದ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸಿರಿಂಜಿನ ಸೂಜಿಯ ವಿವರಗಳಿಗೆ ಎ61ಎಂ 5/32, ಮರುಬಳಕೆ ತಡೆಯುವ ಸಿರಿಂಜಿಗೆ ಎ61ಎಂ 5/50, ಕ್ಯಾನುಲಾ ಹಾಕುವ ಸೂಜಿಗೆ ಎ61ಎಂ 25/06. ಈ ವಿಂಗಡಣೆಯಲ್ಲೇ ಒಂದು ಪಾಠವಿದೆ. ನಮ್ಮಲ್ಲಿ ಬಹಳ ಜನ ‘ಸೇಫ್ ಸಿರಿಂಜ್’ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಮರುಬಳಕೆ ತಡೆಯುವುದು ರೋಗಿಯನ್ನು ಕಾಯುವ ಕೆಲಸ, ಮೊನೆ ಮುಚ್ಚುವುದು ಹಾಕುವವರನ್ನು ಕಾಯುವ ಕೆಲಸ. ಒಂದನ್ನು ಮಾಡಿದ ಸಾಧನ ಇನ್ನೊಂದನ್ನು ಮಾಡಿರಲೇಬೇಕೆಂದಿಲ್ಲ. ಬ್ರಿಟನ್ನಿನ ಮಾರ್ಕ್ ಕೋಸ್ಕಾ 1984ರಲ್ಲಿ ರೂಪಿಸಿದ ಕೆ1 ಸಿರಿಂಜಿನ ದಂಡ ಎರಡನೇ ಸಲ ಎಳೆಯಹೋದರೆ ಮುರಿಯುತ್ತದೆ, ಆದರೆ ಅದರ ಮೊನೆ ಬಯಲಲ್ಲೇ ಇರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಬರೆದ ಅರ್ಜಿ ತಾನು ಯಾವ ಸಮಸ್ಯೆ ಬಿಡಿಸುತ್ತಿದ್ದೇನೆಂದು ಹೇಳಲಾರದೆ ಮೊದಲ ಪುಟದಲ್ಲೇ ತಡವರಿಸುತ್ತದೆ.

ಆಮೇಲೆ ಬರುವುದು ಮೊದಲ ಪರೀಕ್ಷಾ ವರದಿ, ಪೇಟೆಂಟ್ ಏಜೆಂಟರ ಬಾಯಲ್ಲಿ ‘ಎಫ್‌ಇಆರ್’. ಅದರಲ್ಲಿ ಹಳೆಯ ದಾಖಲೆಗಳು ಡಿ1, ಡಿ2, ಡಿ3 ಎಂದು ಸಾಲಾಗಿ ನಿಂತಿರುತ್ತವೆ. ಸೂಜಿ ಕಾವಲಿನ ಅರ್ಜಿಗಳಿಗೆ ಬರುವ ಆಕ್ಷೇಪದ ಧಾಟಿ ಹೆಚ್ಚುಕಡಿಮೆ ಒಂದೇ: ಸರಿಯುವ ತೋಳು ಡಿ1ರಲ್ಲಿದೆ, ಸ್ಪ್ರಿಂಗ್ ಡಿ2ರಲ್ಲಿದೆ, ಎರಡನ್ನೂ ಸೇರಿಸುವುದು ಈ ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು. ‘ಹೊಸದಲ್ಲ’ ಎಂಬ ಆಕ್ಷೇಪ ದಾಟುವುದು ಅಷ್ಟು ಕಷ್ಟವಲ್ಲ. ಹಳೆಯ ಯಾವುದೇ ಒಂದು ದಾಖಲೆಯಲ್ಲಿ ಎಲ್ಲ ಅಂಶವೂ ಒಟ್ಟಿಗೆ ಇಲ್ಲದಿದ್ದರೆ ಸಾಕು. ‘ಹೊಳೆಯುವಂಥದ್ದು’ ಎಂಬುದನ್ನು ದಾಟುವುದೇ ನಿಜವಾದ ಏರು. ಕಾಯ್ದೆಯ ಕಲಂ 2(1)(ಜೆಎ) ಪ್ರಕಾರ ಶೋಧನೆ ತಾಂತ್ರಿಕವಾಗಿ ಮುಂದಿನ ಹೆಜ್ಜೆಯಾಗಿರಬೇಕು ಇಲ್ಲವೇ ಆರ್ಥಿಕ ಮಹತ್ವ ಹೊಂದಿರಬೇಕು, ಜೊತೆಗೆ ಬಲ್ಲವರಿಗೆ ಸುಲಭಕ್ಕೆ ಹೊಳೆಯದಂಥದ್ದೂ ಆಗಿರಬೇಕು. ಕಲಂ 3(ಎಫ್) ಇನ್ನೊಂದು ಬೇಲಿ: ಗೊತ್ತಿರುವ ಸಾಧನಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದು, ಅವನ್ನು ಸುಮ್ಮನೆ ಜೋಡಿಸಿಟ್ಟಿದ್ದರೆ ಅದು ಶೋಧನೆಯಲ್ಲ. ಸಿರಿಂಜಿಗೊಂದು ಮುಚ್ಚಳ, ಮುಚ್ಚಳಕ್ಕೊಂದು ಎಲ್‌ಇಡಿ ದೀಪ ಸೇರಿಸಿದ ಅರ್ಜಿ ಇಲ್ಲೇ ಬೀಳುತ್ತದೆ. ಮೇಲೆ ಹೇಳಿದ ಕ್ಲಿಪ್ಪಿನಲ್ಲಿ ಒಂದು ಭಾಗ ಇನ್ನೊಂದನ್ನು ನಡೆಸುತ್ತದೆ, ಹಾಗಾಗಿ ಈ ಬೇಲಿ ಅದಕ್ಕೆ ತಾಗದು. ಕಲಂ 3(ಐ) ಚಿಕಿತ್ಸೆಯ ವಿಧಾನಕ್ಕೆ ಪೇಟೆಂಟ್ ಕೊಡುವುದಿಲ್ಲ. ಸೂಜಿ ಹಾಕುವ ರೀತಿಯನ್ನು ಕೇಳುವಂತಿಲ್ಲ, ಸಾಧನವನ್ನು ಕೇಳಬಹುದು. ಈ ಕಲಂ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಸೂಜಿ ಹಾಕುವ ಕೈಚಳಕ ಯಾರ ಸ್ವತ್ತೂ ಆಗಬಾರದು.

‘ಹೊಳೆಯುವಂಥದ್ದು’ ಎಂಬ ಆ ಏರಿನ ಎತ್ತರ ಎಷ್ಟೆಂದು ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದ ಪ್ರಕರಣ ಶಿವಮೊಗ್ಗ-ಭದ್ರಾವತಿ ನಡುವಿನ ಮಾಚೇನಹಳ್ಳಿಯ ಯಾವ ಟರ್ನರಿಗೂ ಚೆನ್ನಾಗಿ ಅರ್ಥವಾಗುವಂಥದ್ದು. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ವಿರುದ್ಧ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್. ಮಿರ್ಜಾಪುರದಲ್ಲಿ ಲೋಹದ ಪಾತ್ರೆಗಳನ್ನು ಲೇತಿನಲ್ಲಿ ತಿರುಗಿಸಿ ಹೊಳಪು ಕೊಡುವಾಗ ಪಾತ್ರೆಯನ್ನು ಬಿಗಿಯಾಗಿ ಹಿಡಿಯುವ ಒಂದು ಏರ್ಪಾಡಿಗೆ 1951ರ ಅರ್ಜಿಯ ಮೇಲೆ ಪೇಟೆಂಟ್ ಸಿಕ್ಕಿತ್ತು. ನ್ಯಾಯಾಲಯ ಅದನ್ನು ರದ್ದು ಮಾಡುವುದನ್ನು ಎತ್ತಿಹಿಡಿಯಿತು. ಟೇಲ್‌ಸ್ಟಾಕಿನ ಒತ್ತಡದಿಂದ ಹಿಡಿಯುವುದು ಹಿಂದೆಯೇ ಇದ್ದದ್ದು, ಮಾಡಿದ ಬದಲಾವಣೆ ಕಾರ್ಯಾಗಾರದಲ್ಲಿ ಆಗುವ ಸುಧಾರಣೆಯ ಮಟ್ಟದ್ದು ಎಂಬುದು ತೀರ್ಪಿನ ಸಾರ. ಪೇಟೆಂಟ್ ಕೊಟ್ಟ ಮಾತ್ರಕ್ಕೆ ಅದರ ಸಿಂಧುತ್ವಕ್ಕೆ ಖಾತ್ರಿ ಇಲ್ಲ ಎಂದೂ ಅದೇ ತೀರ್ಪು ಹೇಳಿತು. ಕಾಯ್ದೆಯ ಕಲಂ 13(4) ಕೂಡ ಹೇಳುವುದು ಅದನ್ನೇ. ಭದ್ರಾವತಿ, ಶಿವಮೊಗ್ಗದ ವರ್ಕ್‌ಶಾಪುಗಳಲ್ಲಿ ದಿನವೂ ಇಂಥ ಸುಧಾರಣೆ ನಡೆಯುತ್ತದೆ. ಅವು ಬೆಲೆಯುಳ್ಳವೇ. ಆದರೆ ಬೆಲೆಯುಳ್ಳದ್ದೆಲ್ಲ ಪೇಟೆಂಟಿಗೆ ಅರ್ಹವಲ್ಲ, ಇದನ್ನು ಮೊದಲೇ ತಿಳಿದರೆ ದುಡ್ಡೂ ವರ್ಷಗಳೂ ಉಳಿಯುತ್ತವೆ.

ಪರೀಕ್ಷೆಯ ಹೊತ್ತಿನಲ್ಲಿ ಆಡಿದ ಮಾತು ಎಷ್ಟು ದೂರ ಬೆನ್ನಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಎರಡು ಪ್ರಕರಣ ಸಾಕು, ಎರಡೂ ಸೂಜಿ ಕಾವಲಿನವೇ, ಎರಡರಲ್ಲೂ ಎದುರಾಳಿ ಸಿರಿಂಜು ಕಂಪನಿ ಬೆಕ್ಟನ್ ಡಿಕಿನ್ಸನ್. ಎಂಬಿಒ ಲ್ಯಾಬೊರೇಟರೀಸ್ ಎಂಬ ಸಂಸ್ಥೆ ತನ್ನ ಮೊದಲ ಅರ್ಜಿಯ ಪರೀಕ್ಷೆಯಲ್ಲಿ ಹಳೆಯ ಸಾಧನಗಳಿಂದ ಬೇರೆಯಾಗಿ ತೋರಲು, ತನ್ನದರಲ್ಲಿ ಸೂಜಿ ಕಾವಲಿನೊಳಕ್ಕೆ ಹಿಂದೆಗೆಯುತ್ತದೆ ಎಂದು ವಾದಿಸಿ ಪೇಟೆಂಟ್ ಪಡೆದಿತ್ತು. ಆಮೇಲೆ ಮರುಮಂಜೂರಾತಿ ಕೇಳಿ, ಕಾವಲೇ ಸೂಜಿಯ ಮೇಲೆ ಮುಂದೆ ಸರಿದರೂ ತನ್ನ ಹಕ್ಕಿಗೆ ಸೇರಬೇಕೆಂದು ಹಿಗ್ಗಿಸಿಕೊಂಡಿತು. 2010ರಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ, ಪರೀಕ್ಷೆಯಲ್ಲಿ ಬಿಟ್ಟುಕೊಟ್ಟದ್ದನ್ನು ಹಿಂಬಾಗಿಲಿನಿಂದ ಮರಳಿ ಪಡೆಯುವಂತಿಲ್ಲ ಎಂದು ಆ ಹಕ್ಕುಗಳನ್ನು ಅಸಿಂಧುಗೊಳಿಸಿತು. ಮರುವರ್ಷ ಥಾಮಸ್ ಶಾ ಅವರ ರಿಟ್ರ್ಯಾಕ್ಟಬಲ್ ಟೆಕ್ನಾಲಜೀಸ್ ಪ್ರಕರಣದಲ್ಲಿ ಪ್ರಶ್ನೆ ಇದ್ದದ್ದು, ಸಿರಿಂಜಿನ ಹೊರಮೈ ಒಂದೇ ತುಂಡಿನದಾಗಿರಬೇಕೇ, ಎರಡು ತುಂಡು ಜೋಡಿಸಿದ್ದೂ ಅದಕ್ಕೆ ಸೇರುತ್ತದೆಯೇ ಎಂದು. ಪೇಟೆಂಟಿನ ವಿವರಣೆಯಲ್ಲಿ ಒಂದೇ ತುಂಡಿನ ಗುಣವನ್ನೇ ಎತ್ತಿ ಹೇಳಿದ್ದರಿಂದ ನ್ಯಾಯಾಲಯ ಹಕ್ಕನ್ನು ಅಷ್ಟಕ್ಕೇ ಕಟ್ಟಿಹಾಕಿತು. ಬೆಕ್ಟನ್ನಿನ ಒಂದು ಮಿಲಿಲೀಟರ್ ಸಿರಿಂಜು ಉಲ್ಲಂಘನೆ ಎನಿಸಿತು, ಮೂರು ಮಿಲಿಲೀಟರಿನದು ಪಾರಾಯಿತು.

ನಮ್ಮ ಕಾಯ್ದೆ ಈ ವಿಷಯದಲ್ಲಿ ಇನ್ನೂ ಬಿಗಿ. ಕಲಂ 59ರ ಪ್ರಕಾರ ತಿದ್ದುಪಡಿಯಲ್ಲಿ ಹಕ್ಕನ್ನು ಕುಗ್ಗಿಸಬಹುದು, ವಿವರಿಸಬಹುದು, ತಪ್ಪು ಸರಿಪಡಿಸಬಹುದು. ಮೊದಲ ದಿನ ಬರೆಯದಿದ್ದದ್ದನ್ನು ಆಮೇಲೆ ಸೇರಿಸುವಂತಿಲ್ಲ. ಕ್ಲಿಪ್ಪಿನ ತೋಳು ಸೂಜಿಯಿಂದಲೇ ಅಗಲಿರುತ್ತದೆ ಎಂಬ ಮಾತು ಮೂಲ ವಿವರಣೆಯಲ್ಲಿ ಇಲ್ಲದೆ, ಬರೀ ‘ತೋಳುಳ್ಳ ಕ್ಲಿಪ್’ ಎಂದಿದ್ದರೆ, ಡಿ1 ಎದುರಾದಾಗ ನಿಲ್ಲಲು ನೆಲವಿರುವುದಿಲ್ಲ. ಪರೀಕ್ಷಾ ವರದಿಗೆ ಉತ್ತರಿಸಲು ಆರು ತಿಂಗಳು, ಕೇಳಿಕೊಂಡರೆ ಇನ್ನು ಮೂರು. ಉತ್ತರಿಸದಿದ್ದರೆ ಅರ್ಜಿ ಕೈಬಿಟ್ಟಂತೆ. ಚೆನ್ನೈ ಕಚೇರಿ ತಿರಸ್ಕರಿಸಿದರೆ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ, 2021ರಲ್ಲಿ ಮೇಲ್ಮನವಿ ಮಂಡಳಿಯನ್ನು ರದ್ದು ಮಾಡಿದ ಮೇಲೆ.

ಇಲ್ಲಿ ನನ್ನ ಮುಖ್ಯ ಮಾತು. ಪರೀಕ್ಷಕರು ನೋಡುವುದು ಕಾಗದವನ್ನು. ನರ್ಸಿನ ಕೈ ಅವರ ಮೇಜಿನ ಮೇಲಿಲ್ಲ. ‘ಸೇರಿಸುವುದು ಸುಲಭಕ್ಕೆ ಹೊಳೆಯುತ್ತದೆ’ ಎನ್ನುವಾಗ ಯಾರಿಗೆ ಹೊಳೆಯುತ್ತದೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಪ್ಲಾಸ್ಟಿಕ್ ಅಚ್ಚು ಮಾಡುವ ಎಂಜಿನಿಯರಿಗೆ ತೋಳೂ ಗೊತ್ತು, ಸ್ಪ್ರಿಂಗೂ ಗೊತ್ತು. ಸೂಜಿ ಎಳೆಯುವ ಹೊತ್ತಿಗೆ ಎಡಗೈ ಬಿಡುವಿರುವುದಿಲ್ಲ, ಕೈಗವಸು ರಕ್ತದಿಂದ ಜಾರುತ್ತದೆ, ಪಟ್ಟೆಂದು ಹಿಂದೆ ಹಾರುವ ಸ್ಪ್ರಿಂಗ್ ರಕ್ತದ ಹನಿ ಚಿಮ್ಮಿಸುತ್ತದೆ ಎಂಬುದು ಗೊತ್ತಿರುವುದು ವಾರ್ಡಿನಲ್ಲಿ ನಿಂತವರಿಗೆ. ಈ ಕ್ಷೇತ್ರದ ಒಳ್ಳೆಯ ಶೋಧನೆಗಳ ಜೀವ ಇಂಥ ತಿಳಿವಳಿಕೆಯಲ್ಲಿದೆ. ಆದ್ದರಿಂದ ಪರೀಕ್ಷೆ ನಿಜವಾಗಿ ಕೇಳಬೇಕಾದ್ದು, ಅರ್ಜಿ ನಿಜವಾಗಿ ತೋರಿಸಬೇಕಾದ್ದು ಒಂದೇ: ಕೈಯ ಯಾವ ಚಲನೆಯಲ್ಲಿ ಮೊನೆ ಬಯಲಾಗಿರುತ್ತದೆ, ಹಿಂದಿನ ಸಾಧನಗಳು ಆ ಹೊತ್ತನ್ನು ಏಕೆ ಮುಚ್ಚಲಿಲ್ಲ, ಇದು ಯಾವ ಯಾಂತ್ರಿಕ ಕೂಡಿಕೆಯಿಂದ ಮುಚ್ಚುತ್ತದೆ. ಭಾಗಗಳ ಪಟ್ಟಿ ಕೊಟ್ಟ ಅರ್ಜಿ ಡಿ1, ಡಿ2ರ ಮುಂದೆ ಕರಗುತ್ತದೆ. ಆ ಹೊತ್ತನ್ನು ಹಿಡಿದು ಬರೆದ ಅರ್ಜಿಗೆ ವಾದಿಸಲು ಏನಾದರೂ ಇರುತ್ತದೆ. ಪೇಟೆಂಟ್ ಕಚೇರಿಯೂ ಇಂಥ ಸಾಧನಗಳ ವಿಚಾರಣೆಯಲ್ಲಿ ‘ಕಸುಬು ಬಲ್ಲವರು’ ಎಂದರೆ ಅಚ್ಚು ಮಾಡುವವರು ಮತ್ತು ಬಳಸುವವರು ಇಬ್ಬರೂ ಸೇರಿದ ಜೋಡಿ ಎಂದು ತಿಳಿದರೆ ತೀರ್ಮಾನಗಳು ಹೆಚ್ಚು ನ್ಯಾಯವಾಗುತ್ತವೆ.

ಶಿವಮೊಗ್ಗ-ಭದ್ರಾವತಿಯಲ್ಲಿ ಈ ಜೋಡಿಯ ಎರಡೂ ಕಡೆಯವರು ಮೂವತ್ತು ಕಿಲೋಮೀಟರಿನೊಳಗೆ ಇದ್ದಾರೆ. ಒಂದು ಕಡೆ ಸಿಮ್ಸ್, ಅದರ ವಾರ್ಡುಗಳು. ಇನ್ನೊಂದು ಕಡೆ 1980ರಲ್ಲಿ ಶುರುವಾದ ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜು, ಎರಡೂ ಊರುಗಳ ನಡುವೆ ಮಾಚೇನಹಳ್ಳಿಯ ಫೌಂಡ್ರಿಗಳು, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ, ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆ. ಆ ಕಾರ್ಖಾನೆಗೆ ಹೆಸರಾದ ವಿಶ್ವೇಶ್ವರಯ್ಯನವರು ಸ್ವತಃ ಪೇಟೆಂಟ್ ಪಡೆದವರು. ಅವರ ಸ್ವಯಂಚಾಲಿತ ಪ್ರವಾಹ ಬಾಗಿಲುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಮೊದಲು ಅಳವಡಿಸಲಾಯಿತು. ನೀರು ಏರಿದಾಗ ಯಾರೂ ಮುಟ್ಟದೆ ತಾನೇ ತೆರೆದುಕೊಳ್ಳುವ ಬಾಗಿಲು ಅದು. ಭದ್ರಾವತಿಯ ಉಕ್ಕಿನಿಂದ ಸೂಜಿ ಮಾಡಬಹುದು ಎಂದು ನಾನು ಹೇಳುತ್ತಿಲ್ಲ. ದಪ್ಪ ಸರಳು, ಎರಕದ ಕೆಲಸಕ್ಕೂ ಕೂದಲಿನಷ್ಟು ತೆಳುವಾದ ಕೊಳವೆ ಎಳೆಯುವ ಕೆಲಸಕ್ಕೂ ಬಹಳ ಅಂತರ. ಆದರೆ ಉಪಕರಣ ಮಾಡುವ ಕೈಗಳು, ಡೈ ಕೆತ್ತುವ ಕಣ್ಣು, ಲೋಹ ಎಷ್ಟು ಬಗ್ಗಿದರೆ ಮರಳಿ ಬರುತ್ತದೆ ಎಂಬ ಅಂದಾಜು ಈ ಎರಡು ಊರುಗಳಲ್ಲಿ ತಲೆಮಾರುಗಳಿಂದ ಇದೆ. ಕ್ಲಿಪ್ಪಿನ ಪ್ರಶ್ನೆ ಕೊನೆಗೂ ಅದೇ ಅಂದಾಜಿನದು.

ಈ ಜೋಡಿ ಕೂಡಿದರೂ ಒಂದು ಕಡೆ ಕಾಲು ಜಾರುವ ಅಪಾಯ ದೊಡ್ಡದು: ಅರ್ಜಿಗೆ ಮೊದಲೇ ಬಹಿರಂಗಪಡಿಸುವುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ನೆರವು ಕೊಡುತ್ತಾ, ಪ್ರದರ್ಶನ ನಡೆಸುತ್ತಾ ಬಂದಿದೆ. ಅದೇ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವೂ ಇದೆ. ಪ್ರದರ್ಶನ, ಪತ್ರಿಕಾ ವರದಿ, ಯೂಟ್ಯೂಬ್ ವಿಡಿಯೊ ಎಲ್ಲವೂ ಸಂತೋಷದ ವಿಷಯಗಳೇ. ಆದರೆ ಅರ್ಜಿ ಹಾಕುವ ಮುನ್ನ ಅವು ನಡೆದರೆ ನಮ್ಮದೇ ವಿಡಿಯೊ ಪರೀಕ್ಷಕರ ಕೈಯಲ್ಲಿ ಡಿ1 ಆಗುತ್ತದೆ. ಕಲಂ 31ರಲ್ಲಿ 12 ತಿಂಗಳ ರಿಯಾಯಿತಿ ಇದೆ ನಿಜ, ಅದು ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧದಂಥ ಕೆಲವಕ್ಕೆ ಮಾತ್ರ. ಕಾಲೇಜು ಹಬ್ಬಕ್ಕೆ ಇಲ್ಲ. ಇದಕ್ಕೆ ಪರಿಹಾರ ಕಾಯ್ದೆಯಲ್ಲೇ ಇದೆ: ತಾತ್ಕಾಲಿಕ ವಿವರಣೆ ಹಾಕಿ ದಿನಾಂಕ ಹಿಡಿದಿಟ್ಟುಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡುವುದು. ವ್ಯಕ್ತಿಗಳು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಶುಲ್ಕ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000. ಏಜೆಂಟರ ಖರ್ಚು ಬೇರೆ, ಅದು ಇದಕ್ಕಿಂತ ಹಲವು ಪಟ್ಟು ಆಗಬಹುದು. ಅರ್ಜಿದಾರರಲ್ಲಿ ಒಬ್ಬ ಮಹಿಳೆಯಾದರೂ ಇದ್ದರೆ 8,000 ರೂಪಾಯಿ ಶುಲ್ಕದಲ್ಲಿ ತ್ವರಿತ ಪರೀಕ್ಷೆ ಕೇಳಬಹುದು ಎಂಬ ಸೌಲಭ್ಯ 2019ರಿಂದ ಇದೆ. ನರ್ಸಿಂಗ್ ವೃತ್ತಿಯಲ್ಲಿರುವವರು ಬಹುಪಾಲು ಮಹಿಳೆಯರೇ ಆಗಿರುವಾಗ ಈ ಬಾಗಿಲು ಅವರಿಗಾಗಿಯೇ ತೆರೆದಿದೆ ಎನ್ನಬೇಕು.

ಪೇಟೆಂಟ್ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. 20 ವರ್ಷದ ಹಕ್ಕು ಕಾಗದದಲ್ಲಿರುತ್ತದೆ, ಸಾಧನ ನರ್ಸಿನ ಟ್ರೇಗೆ ಬರುವುದು ಬೇರೆಯೇ ಹಾದಿಯಲ್ಲಿ. ಶಾ ಅವರ ಸಿರಿಂಜಿಗೆ ಪೇಟೆಂಟ್ ಇತ್ತು, ಗುಣವೂ ಇತ್ತು, ಆದರೂ ಆಸ್ಪತ್ರೆಗಳ ಸಾಮೂಹಿಕ ಖರೀದಿ ಒಪ್ಪಂದಗಳು ಅದನ್ನು ಹೊರಗಿಟ್ಟಿವೆ ಎಂದು ಅವರು ಮೊಕದ್ದಮೆ ಹೂಡಬೇಕಾಯಿತು. 2004ರಲ್ಲಿ ಬೆಕ್ಟನ್ ಡಿಕಿನ್ಸನ್ 10 ಕೋಟಿ ಡಾಲರ್ ಕೊಟ್ಟು ಅದನ್ನು ಇತ್ಯರ್ಥ ಮಾಡಿಕೊಂಡಿತು. ಅಮೆರಿಕದಲ್ಲಿ ಚಿತ್ರ ಬದಲಾದದ್ದು 2000ದ ನವೆಂಬರ್ 6ರಂದು ಸಹಿಯಾದ ಸೂಜಿ ಗಾಯ ತಡೆ ಕಾಯ್ದೆಯಿಂದ. ಸುರಕ್ಷಿತ ಸಾಧನ ಬಳಸಬೇಕು, ಗಾಯಗಳ ದಾಖಲೆ ಇಡಬೇಕು, ಸಾಧನ ಆರಿಸುವಾಗ ರೋಗಿಯ ಬಳಿ ದುಡಿಯುವವರ ಅಭಿಪ್ರಾಯ ಕೇಳಬೇಕು ಎಂದು ಅದು ಕಡ್ಡಾಯ ಮಾಡಿತು. ಯುರೋಪಿನಲ್ಲಿ 2010ರ ನಿರ್ದೇಶನ ಬಂತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸುರಕ್ಷಿತ ಸಿರಿಂಜುಗಳಿಗೆ 2020ರ ಗುರಿ ಹಾಕಿತು. ಭಾರತದಲ್ಲಿ ಲಸಿಕೆ ಕಾರ್ಯಕ್ರಮಕ್ಕೆ ಮರುಬಳಕೆಯಾಗದ ಸಿರಿಂಜುಗಳು ಬಂದವು, ಅದು ದೊಡ್ಡ ಹೆಜ್ಜೆ. ಎಚ್‌ಐವಿ ಕುರಿತ 2017ರ ಕಾಯ್ದೆಯ ಕಲಂ 19 ಅಪಾಯವಿರುವ ಕೆಲಸದ ಜಾಗಗಳಲ್ಲಿ ಮುನ್ನೆಚ್ಚರಿಕೆಯ ಸಾಧನ, ತರಬೇತಿ, ಔಷಧ ಕೊಡಬೇಕೆನ್ನುತ್ತದೆ. ಆದರೆ ಮೊನೆ ಮುಚ್ಚುವ ಸೂಜಿಯನ್ನೇ ಬಳಸಬೇಕೆಂದು ನೇರವಾಗಿ ಹೇಳುವ ಕಾಯ್ದೆ ನಮ್ಮಲ್ಲಿಲ್ಲ. ಟೆಂಡರಿನಲ್ಲಿ ಕಡಿಮೆ ದರದ್ದು ಗೆಲ್ಲುತ್ತದೆ. ಕ್ಲಿಪ್ ಇರುವ ಕ್ಯಾನುಲಾದ ಬೆಲೆ ಇಲ್ಲದ್ದಕ್ಕಿಂತ ಹೆಚ್ಚೇ ಇರುತ್ತದೆ. ಗಾಯದ ಬೆಲೆಯನ್ನು ಟೆಂಡರಿನ ಯಾವ ಕಾಲಮ್ಮಿನಲ್ಲೂ ತುಂಬುವುದಿಲ್ಲ.

ಇಲ್ಲಿಯವರೆಗೆ ನೋಡಿದ್ದರ ಆಧಾರದ ಮೇಲೆ ನನ್ನ ತೀರ್ಮಾನ ಹೀಗೆ. ಭಾರತದ ಪರೀಕ್ಷಾ ಕ್ರಮ ಸೂಜಿ ಕಾವಲಿನಂಥ ಸಣ್ಣ ಸಾಧನಕ್ಕೆ ಬಹುಮಟ್ಟಿಗೆ ನ್ಯಾಯವಾಗಿದೆ. ಸುಮ್ಮನೆ ಜೋಡಿಸಿದ್ದನ್ನು ಅದು ತಡೆಯುತ್ತದೆ, ಚಿಕಿತ್ಸೆಯ ವಿಧಾನವನ್ನು ಮುಕ್ತವಾಗಿಡುತ್ತದೆ, ಬಡ ಅರ್ಜಿದಾರನಿಗೆ ಶುಲ್ಕ ಕಡಿಮೆ ಇಟ್ಟಿದೆ. ಅದರ ಕೊರತೆ ಬಳಸುವವರ ಅನುಭವವನ್ನು ಸಾಕ್ಷ್ಯವಾಗಿ ಕಾಣದಿರುವುದು. ಅದಕ್ಕಿಂತ ದೊಡ್ಡ ಕೊರತೆ ಅರ್ಜಿದಾರರ ಕಡೆಯದು: ಹುಡುಕದೆ ಬರೆಯುವುದು, ತೋರಿಸಿ ಆಮೇಲೆ ಅರ್ಜಿ ಹಾಕುವುದು, ನರ್ಸನ್ನು ಕೇಳದೆ ಸಾಧನ ಕಲ್ಪಿಸುವುದು.

ಆದ್ದರಿಂದ ಎರಡು ಊರಿನ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ವರ್ಷ ಯಾವುದಾದರೂ ತಂಡ ಸೇಫ್ ಸಿರಿಂಜಿನ ಪ್ರಾಜೆಕ್ಟ್ ಹಿಡಿದು ಬಂದರೆ, ಚಿತ್ರ ಬಿಡಿಸುವ ಮೊದಲು ಅವರನ್ನು ಅನುಮತಿ ಪಡೆದು ಒಂದು ಪಾಳಿಯ ಮಟ್ಟಿಗೆ ವಾರ್ಡಿಗೆ ಕಳಿಸಿ. ಪೇಟೆಂಟ್ ಹುಡುಕುವ ತಾಣಗಳಾದ ಎಸ್ಪಾಸ್‌ನೆಟ್ ಮತ್ತು ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್ ಎರಡೂ ಉಚಿತ, ಎ61ಎಂ 5/32 ಮತ್ತು 25/06ರಲ್ಲಿ ವಾರಗಟ್ಟಲೆ ಹುಡುಕಿಸಿ. ಪ್ರದರ್ಶನಕ್ಕೆ ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ. ಹಾಗೆ ಸಲ್ಲಿಸುವಾಗ, ಸೂಜಿ ಎಲ್ಲಿ ಬಯಲಾಗಿರುತ್ತದೆ ಎಂದು ತೋರಿಸಿ ಪರಿಹಾರದ ದಾರಿ ಹೇಳಿಕೊಟ್ಟ ನರ್ಸಿನ ಹೆಸರನ್ನು ಶೋಧಕರ ಪಟ್ಟಿಯಲ್ಲಿ ಬರೆಯಿರಿ. ಕಾಯ್ದೆಯ ಕಲಂ 28 ಶೋಧಕರ ಹೆಸರನ್ನು ಪೇಟೆಂಟಿನಲ್ಲಿ ನಮೂದಿಸಲು ಅವಕಾಶ ಕೊಟ್ಟಿದೆ.